ಬೇಕು, ಬಹುದು, ತಕ್ಕದ್ದು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಪ್ಪ ಎಂಬ ಊರಿದೆ. ಮಲೆನಾಡಿನ ಕೊಪ್ಪ ಬೇರೆ. ಇದು ಬಯಲುಸೀಮೆಯ ಕೊಪ್ಪ, ಒಂದು ಹೋಬಳಿಯ ಮುಖ್ಯಸ್ಥಳ. ಬತ್ತ, ರಾಗಿ, ಕಬ್ಬುಗಳು ಈ ಸೀಮೆಯ ಬೆಳೆಗಳು. ಕೃಷ್ಣರಾಜಸಾಗರದ ನೀರು ನಾಲೆಗಳ ಮೂಲಕ ಜಿಲ್ಲೆಯ ಬಯಲಿಗೆ ಇಳಿಯಿತು; 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಈ ಜಿಲ್ಲೆಯ ರೈತನ ಬಾಳುವೆಯಲ್ಲಿ ಕಬ್ಬು ದೊಡ್ಡ ಪಾಲನ್ನು ಪಡೆಯಿತು.

ಇಂಥ ಊರಿನ ಒಬ್ಬ ರೈತನ ಮನೆಗೆ ಕಬ್ಬಿನ ಬೆಲೆಯ ವಿಷಯವಾಗಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾಗದ ಬಂದಿತೆಂದು ಭಾವಿಸಬಹುದು. ಮನೆಯಲ್ಲಿ ಇಂಗ್ಲಿಷನ್ನು ಓದಬಲ್ಲವಳು ಒಂಬತ್ತನೆಯ ತರಗತಿಯ ಮೊಮ್ಮಗಳು ಒಬ್ಬಳೇ. ಅವಳು ಕಾಗದವನ್ನು ಹಿಡಿದು ಜಗುಲಿಯ ಮೇಲೆ ಕುಳಿತಳು. ಕಾರ್ಖಾನೆ, ಬೆಲೆ, ಹದಿನಾಲ್ಕು ದಿನ, ಕೊಡು ಎಂಬ ದೊಡ್ಡ ಮಾತುಗಳ ಅರ್ಥವೆಲ್ಲ ಅವಳಿಗೆ ಹೊಳೆಯಿತು. ಅವುಗಳ ನಡುವೆ ಇದ್ದ ‘ಶ್ಯಾಲ್’ ಎಂಬ ಸಣ್ಣ ಮಾತನ್ನು ಮಾತ್ರ ಅವಳು ದಾಟಿಕೊಂಡು ಹೋದಳು.

“ಹದಿನಾಲ್ಕು ದಿನದಲ್ಲಿ ದುಡ್ಡು ಕೊಡುತ್ತಾರಂತೆ, ತಾತ” ಎಂದಳು.

ತಾತ ಶಾಲೆಗೆ ಹೆಚ್ಚು ಹೋದವನಲ್ಲ. ಆದರೂ ಅವನು ಒಂದು ಪ್ರಶ್ನೆ ಕೇಳಿದ: “ಕೊಡುತ್ತಾರೋ, ಕೊಡಬಹುದೋ, ಕೊಡಲೇಬೇಕೋ? ಸರಿಯಾಗಿ ನೋಡಿ ಹೇಳು, ಮಗಳೆ.”

ತಾತನ ಪ್ರಶ್ನೆ ವ್ಯಾಕರಣದ ಪ್ರಶ್ನೆ. ಅದೇ ಅವನ ಒಂದು ವರ್ಷದ ದುಡಿಮೆಯ ಪ್ರಶ್ನೆಯೂ ಹೌದು. ‘ಕೊಡುತ್ತಾರೆ’ ಎಂಬುದು ಬರಿಯ ವಾರ್ತೆ. ‘ಕೊಡಬಹುದು’ ಎಂಬುದು ಕೊಡುವವನ ಇಷ್ಟಕ್ಕೆ ಬಿಟ್ಟದ್ದು. ‘ಕೊಡಲೇಬೇಕು’ ಎಂಬುದು ಕೊಡುವವನನ್ನು ಕಟ್ಟಿಹಾಕುವ ಮಾತು. ಮೂರರಲ್ಲಿಯೂ ಕ್ರಿಯೆ ಒಂದೇ, ಕರ್ತೃ ಒಬ್ಬನೇ. ಬದಲಾದುದು ಬಾಲದಂತೆ ಅಂಟಿಕೊಂಡಿರುವ ಚಿಕ್ಕ ಮಾತು. ಯಾರು ಹೊಣೆ, ಯಾರು ಸ್ವತಂತ್ರ ಎಂಬುದನ್ನು ತೀರ್ಮಾನಿಸುವುದು ಆ ಚಿಕ್ಕ ಮಾತೇ.

ಕ್ರಿಯಾಪದದ ಜೊತೆಗೆ ನಿಂತು ಶಕ್ತಿ, ಅನುಮತಿ, ಕರ್ತವ್ಯ, ಇಚ್ಛೆ, ಊಹೆ ಮೊದಲಾದ ಭಾವಗಳನ್ನು ತಿಳಿಸುವ ಇಂಥ ಮಾತುಗಳನ್ನು ಭಾವಸೂಚಕ ಸಹಾಯಕ ಕ್ರಿಯಾಪದಗಳೆಂದು ಕರೆಯಬಹುದು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಮುಖ್ಯವಾದವು ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್, ಮಸ್ಟ್. ಇವುಗಳ ನಡತೆ ಉಳಿದ ಕ್ರಿಯಾಪದಗಳ ನಡತೆಯಂತಲ್ಲ. ‘ಅವನು ಬರುತ್ತಾನೆ’ ಎನ್ನುವಾಗ ಇಂಗ್ಲಿಷಿನಲ್ಲಿ ‘ಹಿ ಕಮ್ಸ್’ ಎಂದು ಕ್ರಿಯಾಪದದ ಕೊನೆಗೆ ಸಕಾರ ಸೇರುತ್ತದೆ. ಆದರೆ ‘ಹಿ ಕ್ಯಾನ್ಸ್’ ಎಂದು ಯಾರೂ ಹೇಳುವುದಿಲ್ಲ. ‘ಐ ಕ್ಯಾನ್’, ‘ಹಿ ಕ್ಯಾನ್’, ‘ದೇ ಕ್ಯಾನ್’ ಎಂದು ಎಲ್ಲ ಕಡೆಯೂ ಒಂದೇ ರೂಪ.

ಕನ್ನಡ ವಿದ್ಯಾರ್ಥಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಕನ್ನಡದಲ್ಲಿ ‘ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ’ ಎಂದು ಕ್ರಿಯಾಪದ ಕರ್ತೃವನ್ನು ಅನುಸರಿಸುತ್ತದೆ. ಆದರೆ ‘ಬೇಕು’ ಸೇರಿದೊಡನೆ ಈ ಅನುಸರಣೆ ನಿಂತುಹೋಗುತ್ತದೆ. ನಾನು ಬರಬೇಕು, ಅವನು ಬರಬೇಕು, ಅವಳು ಬರಬೇಕು, ಅವರು ಬರಬೇಕು. ಎಲ್ಲರಿಗೂ ಒಂದೇ ‘ಬೇಕು’. ಬಹುದು, ಬಾರದು, ಕೂಡದು ಎಂಬುವೂ ಹಾಗೆಯೇ. ‘ಬಲ್ಲ’ ಮತ್ತು ‘ಆರ’ ಎಂಬುವು ಮಾತ್ರ ಹಳೆಯ ಪದ್ಧತಿಯನ್ನು ಬಿಡದೆ ‘ಓದಬಲ್ಲೆ, ಓದಬಲ್ಲನು, ಓದಬಲ್ಲರು, ಓದಲಾರೆ, ಓದಲಾರನು, ಓದಲಾರರು’ ಎಂದು ಕರ್ತೃವಿಗೆ ತಕ್ಕಂತೆ ನಡೆಯುತ್ತವೆ.

ಇಂಗ್ಲಿಷಿನ ಈ ಒಂಬತ್ತು ಮಾತುಗಳಿಗೆ ಇನ್ನೆರಡು ನಿಯಮಗಳುಂಟು. ಇವುಗಳ ಮುಂದೆ ಕ್ರಿಯಾಪದದ ಮೂಲರೂಪವೇ ಬರಬೇಕು, ನಡುವೆ ‘ಟು’ ಸೇರಬಾರದು. ‘ಐ ಮಸ್ಟ್ ಗೋ’ ಎಂಬುದು ಸರಿ. ‘ಐ ಮಸ್ಟ್ ಟು ಗೋ’ ಎಂಬುದು ತಪ್ಪು. ಎರಡನೆಯದಾಗಿ, ಇವುಗಳಲ್ಲಿ ಎರಡು ಒಂದರ ಪಕ್ಕದಲ್ಲಿ ಒಂದು ನಿಲ್ಲುವುದಿಲ್ಲ. ಕನ್ನಡದಲ್ಲಿ ‘ನಾಳೆ ನಾನು ಮದ್ದೂರಿಗೆ ಹೋಗಬೇಕಾಗಬಹುದು’ ಎಂದು ಬೇಕು, ಬಹುದು ಎರಡನ್ನೂ ಒಂದೇ ಮಾತಿನಲ್ಲಿ ಹೊಸೆಯಬಹುದು. ಇಂಗ್ಲಿಷಿನಲ್ಲಿ ‘ಮೇ ಮಸ್ಟ್’ ಎನ್ನಲಾಗದು. ಎರಡರಲ್ಲಿ ಒಂದನ್ನು ಬದಲಾಯಿಸಿ ‘ಮೇ ಹ್ಯಾವ್ ಟು ಗೋ’ ಎನ್ನಬೇಕು. ಹಾಗೆಯೇ ‘ವಿಲ್ ಕ್ಯಾನ್’ ಎಂಬುದಿಲ್ಲ, ‘ವಿಲ್ ಬಿ ಏಬಲ್ ಟು’ ಎಂಬುದುಂಟು. ಶಾಲೆಯ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ನಿಯಮಗಳ ಉಲ್ಲಂಘನೆಯೇ ಆಗಿರುತ್ತದೆ. ಈ ತಪ್ಪುಗಳನ್ನು ಅಭ್ಯಾಸದಿಂದ ಸುಲಭವಾಗಿ ತಿದ್ದಿಕೊಳ್ಳಬಹುದು. ಅರ್ಥದ ತಪ್ಪುಗಳು ಹಾಗಲ್ಲ. ಅವು ಕಣ್ಣಿಗೆ ಬೀಳದೆ ಅಡಗಿರುತ್ತವೆ.

ಅರ್ಥವನ್ನು ತಿಳಿಯಲು ಈ ಮಾತುಗಳ ಹುಟ್ಟನ್ನು ನೋಡುವುದು ಉಪಯುಕ್ತ. ಇವು ಮೊದಲಿನಿಂದಲೂ ಸಹಾಯಕರಾಗಿದ್ದುವಲ್ಲ. ಒಂದು ಕಾಲಕ್ಕೆ ಸ್ವಂತ ಅರ್ಥದಿಂದ ಬಾಳಿದ ಕ್ರಿಯಾಪದಗಳು. ಇಂಗ್ಲಿಷಿನ ‘ಕ್ಯಾನ್’ ಸಾವಿರ ವರ್ಷಗಳ ಹಿಂದೆ ‘ತಿಳಿ, ಅರಿ’ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಅರಿತವನು ಮಾಡಬಲ್ಲನಾದುದರಿಂದ ಅರಿವಿನ ಮಾತು ಶಕ್ತಿಯ ಮಾತಾಯಿತು. ಕನ್ನಡದ ‘ಬಲ್ಲ’ ಎಂಬುದರ ಕಥೆಯೂ ಇದೇ. ‘ಅವನು ಆ ವಿಷಯವನ್ನು ಬಲ್ಲ’ ಎಂದರೆ ಅರಿತಿದ್ದಾನೆ ಎಂದರ್ಥ. ‘ಅವನು ಈಜಬಲ್ಲ’ ಎಂದರೆ ಶಕ್ತನಾಗಿದ್ದಾನೆ ಎಂದರ್ಥ. ಒಂದನ್ನೊಂದು ಕಂಡರಿಯದ ಎರಡು ಭಾಷೆಗಳು ಒಂದೇ ಹಾದಿಯಲ್ಲಿ ನಡೆದು ಒಂದೇ ಮನೆಯನ್ನು ಸೇರಿದುವು.

‘ವಿಲ್’ ಎಂಬುದು ಮೊದಲು ‘ಬಯಸು’ ಎಂಬರ್ಥದ ಕ್ರಿಯಾಪದ. ‘ಬಯಸು’ ಎಂಬ ಅರ್ಥದ ಧಾತುವಿನಿಂದಲೇ ನಮ್ಮ ‘ಬೇಕು’ ಹುಟ್ಟಿತು. ‘ಬೇಡು’ ಎಂಬುದು ಅದರ ಸಮೀಪದ ಬಂಧು. ‘ನನಗೆ ನೀರು ಬೇಕು’ ಎನ್ನುವಾಗ ಇಂದಿಗೂ ಆ ಬಯಕೆ ಕೇಳಿಸುತ್ತದೆ. ‘ನಾನು ಹೋಗಬೇಕು’ ಎನ್ನುವಾಗ ಬಯಕೆಯು ಕರ್ತವ್ಯವಾಗಿ ಮಾರ್ಪಟ್ಟಿದೆ. ‘ಬಹುದು’ ಎಂಬುದು ‘ಬರು’ ಧಾತುವಿನ ರೂಪ; ‘ಬಾರದು’ ಎಂಬುದು ಅದೇ ಧಾತುವಿನ ನಿಷೇಧರೂಪ. ‘ಕೂಡು’ ಎಂದರೆ ಸೇರು, ಹೊಂದು, ಹೊಂದದಿರುವುದು ‘ಕೂಡದು’. ‘ತಗು’ ಎಂದರೆ ಯೋಗ್ಯವಾಗು; ಅದರಿಂದ ‘ತಕ್ಕದ್ದು’.

ಎಲ್ಲಕ್ಕಿಂತ ಗಮನಾರ್ಹವಾದುದು ‘ಶ್ಯಾಲ್’ ಎಂಬುದರ ಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ‘ಸಾಲಗಾರನಾಗಿರು, ತೆರಬೇಕಾಗಿರು’ ಎಂದು. ಇದೇ ಮನೆತನಕ್ಕೆ ಸೇರಿದ ಜರ್ಮನ್ ಭಾಷೆಯ ‘ಶುಲ್ಡ್’ ಎಂಬ ಪದಕ್ಕೆ ಇಂದಿಗೂ ಸಾಲ ಎಂಬ ಅರ್ಥವುಂಟು. ತೀರಿಸಬೇಕಾದ ಋಣದಂತೆ ಮಾಡಿಯೇ ತೀರಬೇಕಾದ ಕೆಲಸ ಎಂಬ ಭಾವ ಈ ಮಾತಿನ ಒಡಲಲ್ಲಿದೆ. ಕೊಪ್ಪದ ಹುಡುಗಿ ದಾಟಿಕೊಂಡು ಹೋದುದು ಈ ಮಾತನ್ನೇ.

ಇಂಗ್ಲಿಷಿನ ಒಂದು ಮಾತಿಗೆ ಕನ್ನಡದ ಒಂದು ಮಾತನ್ನು ಗಂಟುಹಾಕಿ ಬಾಯಿಪಾಠ ಮಾಡಿದರೆ ಸಾಲದು. ‘ಮೇ’ ಎಂಬುದಕ್ಕೂ ‘ಬಹುದು’ ಎಂಬುದಕ್ಕೂ ಎರಡೆರಡು ಮುಖಗಳಿವೆ. ‘ನೀನು ಇನ್ನು ಮನೆಗೆ ಹೋಗಬಹುದು’ ಎಂದು ಉಪಾಧ್ಯಾಯರು ಹೇಳಿದರೆ ಅದು ಅನುಮತಿ. ‘ಸಂಜೆ ಮಳೆ ಬರಬಹುದು’ ಎಂದರೆ ಅದು ಊಹೆ. ಮಳೆಗೆ ಯಾರೂ ಅನುಮತಿ ಕೊಡುವುದಿಲ್ಲ. ‘ಮಸ್ಟ್’ ಮತ್ತು ‘ಬೇಕು’ ಕೂಡ ಹೀಗೆಯೇ. ‘ಬೆಳಗ್ಗೆ ಬೇಗ ಏಳಬೇಕು’ ಎಂಬುದು ಕರ್ತವ್ಯ. ಶಿಂಷಾ ನದಿಯ ನೀರು ಕೆಂಪಾಗಿ ಹರಿಯುವುದನ್ನು ಕಂಡು ‘ಮೇಲಣ ಸೀಮೆಯಲ್ಲಿ ಮಳೆಯಾಗಿರಬೇಕು’ ಎಂದರೆ ಅದು ಬಲವಾದ ಊಹೆ. ‘ಮಳೆಯಾಗಿರಬಹುದು’ ಎಂದರೆ ಸಡಿಲವಾದ ಊಹೆ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿಯುವ ‘ಮಳೆ ಬಂದೀತು’, ‘ಅವನು ಬಂದಾನು’ ಎಂಬ ರೂಪಗಳು ಈ ಊಹೆಗೇ ಮೀಸಲು. ಇಂಗ್ಲಿಷಿನಲ್ಲಿ ಇವುಗಳನ್ನು ‘ಮೇ’ ಅಥವಾ ‘ಮೈಟ್’ ಎಂಬುವುಗಳಿಂದ ಹೇಳಬೇಕಾಗುತ್ತದೆ.

ನಿಷೇಧದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ‘ಮಸ್ಟ್’ ಎಂದರೆ ‘ಬೇಕು’. ಆದುದರಿಂದ ‘ಮಸ್ಟ್ ನಾಟ್’ ಎಂದರೆ ‘ಬೇಕಾಗಿಲ್ಲ’ ಎಂದು ಹಲವರು ಎಣಿಸುತ್ತಾರೆ. ಇದು ತಪ್ಪು. ‘ಮಸ್ಟ್ ನಾಟ್’ ಎಂದರೆ ‘ಬಾರದು, ಕೂಡದು’; ‘ಬೇಕಾಗಿಲ್ಲ’ ಎಂಬುದಕ್ಕೆ ‘ನೀಡ್ ನಾಟ್’ ಎನ್ನಬೇಕು. ಔಷಧದ ಶೀಶೆಯ ಮೇಲೆ ‘ಊಟಕ್ಕೆ ಮುಂಚೆ ತೆಗೆದುಕೊಳ್ಳಬಾರದು’ ಎಂದು ಬರೆದಿರುವುದನ್ನು ‘ತೆಗೆದುಕೊಳ್ಳಬೇಕಾಗಿಲ್ಲ’ ಎಂದು ಓದಿದರೆ ರೋಗಿಯ ಪಾಡೇನು? ಒಂದು ತಡೆಯುತ್ತದೆ, ಇನ್ನೊಂದು ಬಿಟ್ಟುಕೊಡುತ್ತದೆ.

ಕೂಡದು ಎಂಬುದಕ್ಕೂ ಆಗದು ಎಂಬುದಕ್ಕೂ ಇರುವ ಅಂತರವನ್ನು ಮದ್ದೂರಿನ ಸೀಮೆಯ ಇತಿಹಾಸವೇ ತೋರಿಸಿಕೊಟ್ಟಿದೆ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಅಲ್ಲಿ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿತ್ತು. ಟಿ. ಸಿದ್ಧಲಿಂಗಯ್ಯನವರ ನಾಯಕತ್ವದಲ್ಲಿ ಸೇರಿದ್ದ ಜನ ಆಜ್ಞೆಯನ್ನು ಮೀರಿ ಧ್ವಜವನ್ನು ಹಾರಿಸಿ ಬಂಧನಕ್ಕೆ ಒಳಗಾದರು. ‘ಹಾರಿಸಕೂಡದು’ ಎಂಬುದು ಆಳುವವರ ಮಾತು. ‘ಹಾರಿಸಲಾರರು’ ಎಂಬುದು ಬೇರೆಯೇ ಮಾತು. ಮೊದಲನೆಯದು ಆಜ್ಞೆ, ಎರಡನೆಯದು ಅಶಕ್ತಿ. ಇಂಗ್ಲಿಷಿನ ‘ಮಸ್ಟ್ ನಾಟ್’ ಮತ್ತು ‘ಕೆನಾಟ್’ ಎಂಬುವುಗಳ ನಡುವಣ ಅಂತರವೂ ಮುಖ್ಯವಾಗಿ ಇದೇ.

ಇನ್ನು ವಿನಯದ ವಿಷಯ. ಕನ್ನಡದಲ್ಲಿ ನೀನು, ನೀವು ಎಂಬ ಎರಡು ಸರ್ವನಾಮಗಳಿಂದಲೇ ಗೌರವವನ್ನು ತೋರಿಸಬಹುದು. ‘ತಾವು ಮದುವೆಗೆ ಬರಲೇಬೇಕು’ ಎಂದು ಕರೆದರೆ ಯಾರೂ ಅದನ್ನು ಆಜ್ಞೆಯೆಂದು ತಿಳಿಯುವುದಿಲ್ಲ. ಅದರಲ್ಲಿರುವುದು ಪ್ರೀತಿಯ ಒತ್ತಾಯ. ರಜೆಯ ಅರ್ಜಿಯಲ್ಲಿ ‘ಎರಡು ದಿನ ರಜೆ ಕೊಡಬೇಕಾಗಿ ಪ್ರಾರ್ಥಿಸುತ್ತೇನೆ’ ಎಂದು ಬರೆಯುವುದು ರೂಢಿ. ಇದನ್ನೇ ಇಂಗ್ಲಿಷಿಗೆ ತಿರುಗಿಸುವಾಗ ‘ಯು ಮಸ್ಟ್’ ಎಂದು ಬರೆದರೆ, ಬೇಡುವವನು ಅಪ್ಪಣೆ ಕೊಟ್ಟಂತಾಗುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಒಂದೇ ‘ಯು’. ಆದುದರಿಂದ ಸರ್ವನಾಮ ಹೊರಲಾರದ ವಿನಯದ ಭಾರವನ್ನು ಅಲ್ಲಿ ಸಹಾಯಕ ಕ್ರಿಯಾಪದ ಹೊರುತ್ತದೆ. ‘ಕ್ಯಾನ್ ಯು’ ಎಂಬುದಕ್ಕಿಂತ ‘ಕುಡ್ ಯು’ ಮೃದು. ‘ವಿಲ್ ಯು’ ಎಂಬುದಕ್ಕಿಂತ ‘ವುಡ್ ಯು’ ಮೃದು. ಇವು ರೂಪದಲ್ಲಿ ಭೂತಕಾಲ; ಆದರೆ ಇಲ್ಲಿ ಅವು ಕಾಲವನ್ನು ಹೇಳದೆ ಔಚಿತ್ಯವನ್ನು ಹೇಳುತ್ತವೆ.

ಮನೆಯ ಮಾತಿನಲ್ಲಿ ಇಂಥ ತಪ್ಪು ನಡೆದರೆ ನಕ್ಕು ಮರೆಯಬಹುದು. ಕಾನೂನಿನ ಮಾತಿನಲ್ಲಿ ಹಾಗಲ್ಲ. ಅಲ್ಲಿ ‘ಶ್ಯಾಲ್’ ಎಂಬುದು ಹೊಣೆಯನ್ನೂ ‘ಮೇ’ ಎಂಬುದು ವಿವೇಚನೆಯನ್ನೂ ಸಾಮಾನ್ಯವಾಗಿ ಸೂಚಿಸುತ್ತವೆ. ಕೆಲವು ಸಂದರ್ಭಗಳಲ್ಲಿ ನ್ಯಾಯಾಲಯಗಳು ಕಾನೂನಿನ ಉದ್ದೇಶವನ್ನು ನೋಡಿ ‘ಮೇ’ ಎಂಬುದನ್ನು ‘ಶ್ಯಾಲ್’ ಎಂದು ಅರ್ಥೈಸಿರುವುದೂ ಉಂಟು. ಅಷ್ಟರಮಟ್ಟಿಗೆ ಈ ಮಾತುಗಳು ವಿಚಾರಕ್ಕೆ ಗುರಿಯಾಗುತ್ತವೆ. ಅಂದಿನ ಮೈಸೂರು ರಾಜ್ಯದಲ್ಲಿ 1963ರ ಅಧಿನಿಯಮವು ಕನ್ನಡವನ್ನು ರಾಜಭಾಷೆಯನ್ನಾಗಿ ಮಾಡಿತು. ಇಂಗ್ಲಿಷಿನ ಕಾನೂನನ್ನು ಕನ್ನಡದಲ್ಲಿ ಹೇಳುವವರು ‘ಶ್ಯಾಲ್’ ಎಂಬುದಕ್ಕೆ ‘ತಕ್ಕದ್ದು’ ಎಂದೂ ‘ಮೇ’ ಎಂಬುದಕ್ಕೆ ‘ಬಹುದು’ ಎಂದೂ ಬಳಸುವುದು ರೂಢಿಯಾಗಿದೆ. ‘ಸಲ್ಲಿಸತಕ್ಕದ್ದು’, ‘ಸಲ್ಲಿಸಬಹುದು’ ಎಂಬ ಮಾತುಗಳು ಸರ್ಕಾರಿ ಪ್ರಕಟಣೆಗಳಲ್ಲಿ ಕಾಣುವುದು ಇದರಿಂದಲೇ.

ಇದಕ್ಕೆ ಶಾಲೆಯ ಮಕ್ಕಳ ಜೀವನದಿಂದಲೇ ಒಂದು ನಿದರ್ಶನವಿದೆ. 1950ರಲ್ಲಿ ಭಾರತದ ಸಂವಿಧಾನ ಜಾರಿಗೆ ಬಂದಾಗ ಅದರ 45ನೆಯ ಅನುಚ್ಛೇದ ಮಕ್ಕಳ ಶಿಕ್ಷಣದ ಮಾತನ್ನು ಎತ್ತಿತು. ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತವಾದ, ಕಡ್ಡಾಯವಾದ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಪ್ರಭುತ್ವವು ಪ್ರಯತ್ನಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಇಲ್ಲಿ ‘ತಕ್ಕದ್ದು’ ಸೇರಿದುದು ‘ಪ್ರಯತ್ನಿಸು’ ಎಂಬುದಕ್ಕೆ. ‘ಒದಗಿಸು’ ಎಂಬುದಕ್ಕೆ ಅಲ್ಲ. ಆ ಅನುಚ್ಛೇದ ಇದ್ದುದೂ ನ್ಯಾಯಾಲಯದ ಮೂಲಕ ಜಾರಿಮಾಡಿಸಲಾಗದ ನಿರ್ದೇಶಕ ತತ್ವಗಳ ಭಾಗದಲ್ಲಿ. ಹತ್ತು ವರ್ಷಗಳು ಕಳೆದುವು. ಇನ್ನೂ ಹಲವು ಹತ್ತು ವರ್ಷಗಳು ಕಳೆದುವು. 2002ರಲ್ಲಿ 86ನೆಯ ತಿದ್ದುಪಡಿಯು ಮೂಲಭೂತ ಹಕ್ಕುಗಳ ಭಾಗಕ್ಕೆ 21ಎ ಎಂಬ ಅನುಚ್ಛೇದವನ್ನು ಸೇರಿಸಿತು. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರಭುತ್ವವು ಉಚಿತ, ಕಡ್ಡಾಯ ಶಿಕ್ಷಣವನ್ನು ಒದಗಿಸತಕ್ಕದ್ದು. ಯಾವ ರೀತಿಯಲ್ಲಿ ಎಂಬುದನ್ನು ಕಾನೂನಿನ ಮೂಲಕ ನಿರ್ಧರಿಸಬಹುದು. ಕೆಲಸಕ್ಕೆ ‘ಶ್ಯಾಲ್’, ರೀತಿಗೆ ‘ಮೇ’. ರೀತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಉಂಟು, ಕೆಲಸವನ್ನು ಬಿಡುವ ಸ್ವಾತಂತ್ರ್ಯ ಇಲ್ಲ. ಇದಕ್ಕೆ ಅನುಗುಣವಾದ ಶಿಕ್ಷಣ ಹಕ್ಕಿನ ಅಧಿನಿಯಮ 2009ರಲ್ಲಿ ರಚಿತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ‘ಪ್ರಯತ್ನಿಸತಕ್ಕದ್ದು’ ಎಂಬುದರಿಂದ ‘ಒದಗಿಸತಕ್ಕದ್ದು’ ಎಂಬುದಕ್ಕೆ ಬರಲು ದೇಶಕ್ಕೆ ಐವತ್ತೆರಡು ವರ್ಷಗಳು ಹಿಡಿದುವು.

ಇಂಗ್ಲಿಷನ್ನು ಚೆನ್ನಾಗಿ ಕಲಿಯುವವನು ಕನ್ನಡವನ್ನು ಬದಿಗೊತ್ತಬೇಕೆಂದು ಕೆಲವರು ತಿಳಿಯುವುದುಂಟು. ಇದೇ ಮಂಡ್ಯ ಜಿಲ್ಲೆಯ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಎಂಬ ಕೃತಿಯನ್ನು ಕೊಟ್ಟರು. ಎರಡು ಭಾಷೆಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ. ಕೊಪ್ಪದ ತಾತನಿಗೆ ಇಂಗ್ಲಿಷ್ ಬಾರದು. ಆದರೆ ಕೊಡುತ್ತಾರೆ, ಕೊಡಬಹುದು, ಕೊಡಲೇಬೇಕು ಎಂಬ ಮೂರರ ಅಂತರವನ್ನು ಅವನ ಕನ್ನಡವೇ ಅವನಿಗೆ ಕಲಿಸಿತ್ತು. ಮೊಮ್ಮಗಳು ಆ ಕನ್ನಡದ ಕಿವಿಯಿಂದಲೇ ಇಂಗ್ಲಿಷನ್ನು ಕೇಳಬೇಕಾಗಿತ್ತು.

ಅವಳು ಕಾಗದವನ್ನು ಮತ್ತೊಮ್ಮೆ ಓದಿದಳು. ಅದರಲ್ಲಿ ಉದ್ಧರಿಸಿದ್ದುದು ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶದ ಒಂದು ವಿಧಿ. ಬೇರೆ ರೀತಿಯ ಲಿಖಿತ ಒಪ್ಪಂದವಿಲ್ಲದಿದ್ದರೆ, ರೈತನು ಕಬ್ಬನ್ನು ಒಪ್ಪಿಸಿದ ದಿನದಿಂದ ಹದಿನಾಲ್ಕು ದಿನಗಳೊಳಗಾಗಿ ಸಕ್ಕರೆ ಉತ್ಪಾದಕನು ಅವನಿಗೆ ಬೆಲೆಯನ್ನು ಕೊಡತಕ್ಕದ್ದೆಂದು ಆ ವಿಧಿ ಹೇಳುತ್ತದೆ. ತಡವಾದರೆ, ಹದಿನಾಲ್ಕು ದಿನಗಳ ಮೇಲಿನ ಅವಧಿಗೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿಯನ್ನೂ ಕೊಡತಕ್ಕದ್ದೆಂಬ ಮಾತು ಮುಂದೆ ಸೇರಿದೆ. ಎರಡು ಕಡೆಯೂ ಇರುವುದು ‘ಶ್ಯಾಲ್’. ಒಂದು ಲಕ್ಷ ರೂಪಾಯಿ ಗಡುವಿನ ಮೇಲೆ 73 ದಿನ ತಡವಾದರೆ ಬಡ್ಡಿಯೇ 3,000 ರೂಪಾಯಿಗಳಾಗುತ್ತದೆ. ಚಿಕ್ಕ ಮಾತನ್ನು ದಾಟಿಕೊಂಡು ಹೋದರೆ ಇಷ್ಟೂ ಹಣ ಕೇಳದೆಯೇ ಉಳಿದುಬಿಡುತ್ತದೆ.

“ಕೊಡುತ್ತಾರಂತೆ ಅಲ್ಲ, ತಾತ, ಕೊಡಲೇಬೇಕಂತೆ” ಎಂದಳು ಹುಡುಗಿ. “ತಡವಾದರೆ ಬಡ್ಡಿಯನ್ನೂ ಸೇರಿಸಿ ಕೊಡಲೇಬೇಕಂತೆ.”

“ಹಾಗಾದರೆ ನಾವು ಕೇಳಬಹುದು” ಎಂದ ತಾತ.

ಒಬ್ಬನ ‘ಬೇಕು’ ಇನ್ನೊಬ್ಬನ ‘ಬಹುದು’ ಆಗುತ್ತದೆ. ಕೊಡುವವನ ಹೊಣೆ ಇದ್ದ ಕಡೆ ಪಡೆಯುವವನ ಹಕ್ಕು ಇರುತ್ತದೆ. ಅದನ್ನು ಅರಿತು ಓದುವವನೇ ಓದಬಲ್ಲವನು.

ಶಬ್ದಾರ್ಥ

ಅನುಚ್ಛೇದ – ಸಂವಿಧಾನದ ಒಂದೊಂದು ವಿಧಿ
ಉಲ್ಲಂಘನೆ – ಮೀರುವಿಕೆ
ಔಚಿತ್ಯ – ಸಂದರ್ಭಕ್ಕೆ ತಕ್ಕದಾಗಿರುವಿಕೆ
ಗಡುವು – ಗೊತ್ತುಮಾಡಿದ ಅವಧಿಯ ಕೊನೆ
ವಿವೇಚನೆ – ಆಲೋಚಿಸಿ ನಿರ್ಧರಿಸುವ ಸ್ವಾತಂತ್ರ್ಯ

ಅಭ್ಯಾಸ

1. ತಾತನು ಮೊಮ್ಮಗಳಿಗೆ ಕೇಳಿದ ಪ್ರಶ್ನೆ ಯಾವುದು? ಅದು ವ್ಯಾಕರಣದ ಪ್ರಶ್ನೆ ಹೇಗೆ?
2. ‘ಕ್ಯಾನ್’ ಮತ್ತು ‘ಬಲ್ಲ’ ಎಂಬ ಮಾತುಗಳ ಹುಟ್ಟಿನಲ್ಲಿರುವ ಹೋಲಿಕೆಯನ್ನು ವಿವರಿಸಿ.
3. ‘ಬಾರದು’, ‘ಬೇಕಾಗಿಲ್ಲ’, ‘ಲಾರ’ ಇವುಗಳ ಅರ್ಥಭೇದವನ್ನು ಸ್ವಂತ ವಾಕ್ಯಗಳಿಂದ ತೋರಿಸಿ.
4. ಸಂವಿಧಾನದ 45ನೆಯ ಅನುಚ್ಛೇದದ ಮೂಲರೂಪಕ್ಕೂ 21ಎ ಅನುಚ್ಛೇದಕ್ಕೂ ಇರುವ ವ್ಯತ್ಯಾಸವನ್ನು ‘ತಕ್ಕದ್ದು’ ಎಂಬ ಮಾತಿನ ಆಧಾರದಿಂದ ತಿಳಿಸಿ.
5. ‘ಒಬ್ಬನ ಬೇಕು ಇನ್ನೊಬ್ಬನ ಬಹುದು ಆಗುತ್ತದೆ’ – ಈ ಮಾತನ್ನು ನಿಮ್ಮ ಊರಿನ ಒಂದು ಉದಾಹರಣೆಯೊಡನೆ ಸಮರ್ಥಿಸಿ.
6. ನಿಮ್ಮ ಊರಿನ ಪಂಚಾಯಿತಿ, ಅಂಚೆಕಚೇರಿ ಅಥವಾ ಬ್ಯಾಂಕಿನ ಒಂದು ಪ್ರಕಟಣೆಯನ್ನು ಓದಿ, ಅದರಲ್ಲಿ ಬಂದಿರುವ ‘ಬಹುದು’, ‘ತಕ್ಕದ್ದು’, ‘ಕೂಡದು’ ಎಂಬ ರೂಪಗಳನ್ನು ಪಟ್ಟಿಮಾಡಿ. ಪ್ರತಿಯೊಂದರಲ್ಲಿಯೂ ಹೊಣೆ ಯಾರದು ಎಂಬುದನ್ನು ಬರೆಯಿರಿ.